ಗದ್ದೆಪ್ಪನ ಪಾಲಿನ ಗಾಳಿ

ಇಮಾಮ್‌ಬೀಯ ಕೋಳಿಗೆ ಬೀಳಲು ಸಾಲಗುಂದದಲ್ಲಿ ಬೇರೆ ಜಾಗವೇ ಸಿಗಲಿಲ್ಲವೋ ಏನೋ, ಗೋಡೆ ಹಾರಿ ಗದ್ದೆಪ್ಪನ ಹಿತ್ತಲಿಗೇ ಬಂದು, ಹೊಸದಾಗಿ ಕಟ್ಟಿಸಿದ ಗೋಬರ್ ಗ್ಯಾಸಿನ ಗುಂಡಿಯ ಪಕ್ಕದಲ್ಲಿ ಕಾಲು ಚಾಚಿ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಗದ್ದೆಪ್ಪ ಅದನ್ನು ಗೋಡೆಯಾಚೆ ದಾಟಿಸಿ ಕೈ ತೊಳೆದುಕೊಳ್ಳುತ್ತಿದ್ದ. ಆದರೆ ಅವತ್ತು ಆ ಗುಂಡಿಯ ಗ್ಯಾಸಿಗೆ ಮೊದಲ ಸಲ ಕಡ್ಡಿ ಗೀರುವ ದಿನ. ಅವತ್ತೇ ಸಂಜೆಯ ಬಸ್ಸಿಗೆ ಅವನ ಹೆಂಡತಿ ಯಮನೂರಮ್ಮ ಸಂತೆಕಲ್ಲೂರಿನ ತವರಿನಿಂದ ವಾಪಸು ಬರುವವಳಿದ್ದಳು.

ಯಮನೂರಮ್ಮ ತವರಿಗೆ ಹೋದದ್ದು ಜಗಳವಾಡಿಕೊಂಡಲ್ಲ, ಕಣ್ಣುಜ್ಜಿಕೊಂಡು. ಹಸಿ ಜಾಲಿ ಕಟ್ಟಿಗೆಯ ಒಲೆ ಊದಿ ಊದಿ ಅವಳ ಕಣ್ಣುಗಳು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದವು. "ಹೊಗಿ ಇಲ್ಲದ ಅಡಗಿಮನಿ ಮಾಡಿದ ದಿನ ಹೇಳಿ ಕಳಸು, ಬರ್ತೀನಿ. ಅಲ್ಲಿತನಕ ನೀನ ಊದಿಕೋ," ಎಂದು ಊದುಗೊಳವೆಯನ್ನು ಅವನ ಕೈಗಿಟ್ಟು ಬಸ್ಸು ಹತ್ತಿದ್ದಳು. ಅಂದಿನಿಂದ ಗದ್ದೆಪ್ಪ ತಿಂದ ರೊಟ್ಟಿಗಳು ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ ಹಿಟ್ಟು. ರೊಟ್ಟಿಯ ದುಃಖವನ್ನಾದರೂ ತಡೆದುಕೊಂಡಾನು, ಮನೆಯಲ್ಲಿ ಬೈಯುವವರೇ ಇಲ್ಲದ ದುಃಖ ತಡೆಯಲಾಗಲಿಲ್ಲ.

ಅದು ಸರಕಾರದವರು ಊರೂರಿಗೆ ಬಂದು ಗೋಬರ್ ಗ್ಯಾಸಿನ ಗುಣಗಾನ ಮಾಡುತ್ತಿದ್ದ ಕಾಲ. ಗದ್ದೆಪ್ಪ ಲಿಂಗಸುಗೂರಿನಿಂದ ಮಿಸ್ತ್ರಿ ಕನಕರಾಯನನ್ನು ಕರೆಸಿ ಹಿತ್ತಲಲ್ಲಿ ಗುಂಡಿ ತೋಡಿಸಿದ, ಮೇಲೆ ಇಟ್ಟಿಗೆಯ ಗುಮ್ಮಟ ಕಟ್ಟಿಸಿದ, ಅಲ್ಲಿಂದ ಅಡುಗೆಮನೆಗೆ ಪೈಪು ಎಳೆಸಿದ. ಎಲ್ಲ ಮುಗಿದ ಮೇಲೆ ಒಂದು ಸಣ್ಣ ತೊಡಕು ಕಂಡಿತು. ಗುಂಡಿಯ ಹೊಟ್ಟೆ ದೊಡ್ಡದು, ಗದ್ದೆಪ್ಪನ ಬಳಿ ಇದ್ದದ್ದು ಒಂದು ಜೋಡಿ ಎತ್ತು. ಅವು ಎಷ್ಟು ಮನಸ್ಸು ಮಾಡಿದರೂ ಆ ಗುಂಡಿ ತುಂಬುವಂತಿರಲಿಲ್ಲ.

ಆಗ ಅವನು ಓಣಿಯ ಮನೆಮನೆಗೂ ಹೋಗಿ ಮಾತು ಮಾಡಿಕೊಂಡ. "ನಿಮ್ಮ ದನದ ಹೆಂಡಿ ನನ್ನ ಗುಂಡಿಗೆ ಹಾಕ್ರಿ. ಬಿತ್ತಿಗಿ ಟೈಮಿಗೆ ಗೊಬ್ಬರ ಮಾಡಿ ತಿರುಗಿ ಕೊಡ್ತೀನಿ. ಹೆಂಡಿನೂ ನಿಮ್ಮದು, ಗೊಬ್ಬರನೂ ನಿಮ್ಮದು. ನಡುವ ಬರೋ ಗಾಳಿ ಅಷ್ಟ ನಂದು."

ಸಗಣಿ ಬಿಟ್ಟು ಗಾಳಿ ಬೇಡುವ ಇಂಥ ಪುಣ್ಯಾತ್ಮನನ್ನು ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಎಲ್ಲರೂ ನಗುನಗುತ್ತ ಬುಟ್ಟಿ ತಂದು ಸುರಿದರು. ಗುಂಡಿ ತುಂಬಿತು, ಗ್ಯಾಸು ಕೂಡಿತು. ಕೋಳಿ ಬೀಳುವವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

"ಗದ್ದೆಪ್ಪ, ನಿನ್ನ ಗ್ಯಾಸು ನನ್ನ ಕೋಳಿ ತಿಂತಲ್ಲೋ," ಎಂದು ಇಮಾಮ್‌ಬೀ ಗೋಡೆಯ ಮೇಲಿಂದ ತಲೆ ಹಾಕಿದಳು.

"ಗ್ಯಾಸು ಕೋಳಿ ತಿನ್ನಂಗಿಲ್ಲ ಅಕ್ಕ. ಬಿಸಿಲಿಗೆ ತಲಿ ತಿರುಗಿರಬೇಕು."

"ಇಷ್ಟು ವರ್ಷ ಬಿಸಿಲು ಇದ್ದಿದ್ದಿಲ್ಲೇನು?"

ಇಮಾಮ್‌ಬೀ ಹಿತ್ತಲಿಗೆ ಬಂದು, ನಾಲ್ಕು ಜನ ನೋಡುವವರೆಗೆ ಪುರಾವೆ ಇರಲಿ ಎಂದು ಕೋಳಿಯ ಮೇಲೆ ಬುಟ್ಟಿ ಬೋರಲು ಹಾಕಿ, ಮೇಲೊಂದು ಕಲ್ಲಿಟ್ಟಳು.

ಹಿಂದೆಯೇ ಅವಳ ಗಂಡ ಅಮೀನ್‌ಸಾಬ್ ಕಂಕುಳಲ್ಲಿ ರೇಡಿಯೋ ಅವುಚಿಕೊಂಡು ಬಂದ. ಅಮೀನ್‌ಸಾಬ್ ಸುಳ್ಳು ಹೇಳುವ ಮನುಷ್ಯನಲ್ಲ. ಅವನ ಬಾಯಿಂದ ಬರುವುದೆಲ್ಲ ನಿಜವೇ, ಆದರೆ ಅರ್ಧ. "ಹೋದ ವರ್ಷ ಭೋಪಾಳದಾಗ ಏನಾತು ಅಂತ ರೇಡಿಯೋದಾಗ ನಾನ ಕೇಳೀನಿ. ಅದೂ ಗ್ಯಾಸ," ಎಂದ.

ಭೋಪಾಳದ ಹೆಸರು ಬಂದದ್ದೇ ಗದ್ದಲ ಕೇಳಿ ಬಂದು ಸುತ್ತ ನಿಂತಿದ್ದ ಅಕ್ಕಪಕ್ಕದವರ ಮುಖ ಇಳಿಯಿತು. ಆ ಸುದ್ದಿ ಬಂದಾಗ ಇಡೀ ಓಣಿ ಎಷ್ಟೋ ದಿನ ದನಿ ತಗ್ಗಿಸಿ ಮಾತಾಡಿತ್ತು. ಅದು ನಗುವ ಮಾತಲ್ಲವೆಂದು ಗದ್ದೆಪ್ಪನಿಗೂ ಗೊತ್ತಿತ್ತು.

"ಅದು ಕಾರ್ಖಾನಿದು ಮಾಮಾ. ಇದು ಎತ್ತಿಂದು," ಎಂದ ಮೆಲ್ಲಗೆ.

"ಎತ್ತಿಂದಾದ್ರೂ ಗ್ಯಾಸ್ ಗ್ಯಾಸ. ನೆಲದಾಗ ಹೂತಿಟ್ಟೀಯಲ್ಲ, ಅದು ಸುಮ್ಮನ ಕುಂದರತೈತೇನು?"

ಒಳಗಿರುವುದು ಸುಮ್ಮನೆ ಕೂರುತ್ತದೋ ಇಲ್ಲವೋ, ಓಣಿಯಂತೂ ಕೂರಲಿಲ್ಲ. ಗಳಿಗೆಯಲ್ಲಿ ಹಿತ್ತಲು ತುಂಬಿತು. ಎದುರುಮನೆಯ ಮಾರೆಮ್ಮ ಖಾಲಿ ಬುಟ್ಟಿ ಹಿಡಿದುಕೊಂಡೇ ಬಂದಿದ್ದಳು.

"ನಮ್ಮ ಎಮ್ಮಿ ಹೆಂಡಿ ನಮಗ ತಿರುಗಿ ಕೊಟ್ಟುಬಿಡು, ಗದ್ದೆಪ್ಪ."

"ಈಗ ಹೆಂಗ ಕೊಡಲಿಬೇ? ಎಲ್ಲರದ್ದೂ ನೀರಾಗ ಕಲಸಿ ಹಾಕೀನಿ. ಅದರಾಗ ನಿಮ್ಮೆಮ್ಮಿದು ಯಾವುದು ಅಂತ ಹುಡುಕಲಿ?"

"ಅದೆಲ್ಲ ನನಗ ಗೊತ್ತಿಲ್ಲ. ನಾಳೆ ಏನರ ಆಗಿ ಪೊಲೀಸ್ರು ಬಂದು, ಇದು ಯಾರ ಎಮ್ಮಿ ಹೆಂಡಿ ಅಂತ ಕೇಳಿದ್ರ ನಾ ಏನ್ ಹೇಳಲಿ?"

ಮಿಕ್ಕವರಿಗೂ ತಮ್ಮ ತಮ್ಮ ಎಮ್ಮೆಗಳ ನೆನಪಾಯಿತು. ನಿನ್ನೆಯವರೆಗೆ ಬುಟ್ಟಿ ಹೊತ್ತು ತಂದವರೆಲ್ಲ ಈಗ ತಮ್ಮ ದನ ಸಗಣಿಯನ್ನೇ ಹಾಕುವುದಿಲ್ಲವೆಂಬಂತೆ ಮುಖ ಮಾಡಿಕೊಂಡು ನಿಂತರು.

ಅಷ್ಟರಲ್ಲಿ ಬೈಕಿನ ಹಿಂದೆ ಹೊಸ ಒಲೆ ಕಟ್ಟಿಕೊಂಡು ಕನಕರಾಯ ಬಂದಿಳಿದ. "ದಾರಿಯಾಗ ಸಂತೆಕಲ್ಲೂರಿಗೆ ಹೋಗಿ ನಿಮ್ಮ ಮನಿಯವರಿಗೆ ಹೇಳೀನಿ. ಸಂಜಿ ಬಸ್ಸಿಗೆ ಖಾತ್ರಿ ಬರ್ತಾರ," ಎಂದ. ಗದ್ದೆಪ್ಪನಿಗೆ ಹೋದ ಜೀವ ಬಂದಂತಾಯಿತು. ತಿಳಿದ ಮನುಷ್ಯ ಬಂದಿದ್ದಾನೆ, ನಾಲ್ಕು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ.

ಕನಕರಾಯ ಗುಮ್ಮಟದ ಮೇಲೆ ಕೈಯಿಟ್ಟು, "ಯಾರೂ ಹೆದರಬ್ಯಾಡ್ರಿ. ಇದು ಸಿಡಿಯಂಗಿಲ್ಲ," ಎಂದ.

ಅಲ್ಲಿಯವರೆಗೆ ಜನ ಹೆದರಿದ್ದು ಗಾಳಿ ಸೋರುತ್ತದೆಂದು. ಸಿಡಿಯುವ ವಿಚಾರ ಯಾರ ತಲೆಗೂ ಬಂದಿರಲಿಲ್ಲ.

"ಸಿಡಿತೈತಿ ಅಂತ ಯಾರಂದ್ರು?" ಎಂದು ಮಾರೆಮ್ಮ ಕೇಳಿದಳು.

"ಯಾರೂ ಅಂದಿಲ್ಲರೀ. ಸಿಡಿಯಂಗಿಲ್ಲ ಅಂತ ನಾನ ಹೇಳಾಕತ್ತೀನಿ."

"ಸಿಡಿಯೋದಿದ್ರ ತಾನ ಸಿಡಿಯಂಗಿಲ್ಲ ಅನ್ನೋದು? ನಮ್ಮನಿ ರೊಟ್ಟಿ ಹಂಚು ಸಿಡಿಯಂಗಿಲ್ಲ ಅಂತ ಯಾರರ ಬಂದು ಹೇಳ್ಯಾರೇನು?"

ಕನಕರಾಯ ಒಳ್ಳೆಯ ಮಿಸ್ತ್ರಿ, ಆದರೆ ಎಲ್ಲಿ ಬಾಯಿ ಮುಚ್ಚಬೇಕೆಂಬ ಕಸಬು ಕಲಿತವನಲ್ಲ. "ಸಿಡಿದ್ರೂ ಏನಾಗತೈತ್ರಿ? ಈ ಗುಮ್ಮಟ ಅಷ್ಟ ಹೋಗತೈತಿ," ಎಂದು ಧೈರ್ಯ ಹೇಳಿದ. ಜನರೆಲ್ಲ ಒಂದೇ ನೆಗೆತಕ್ಕೆ ಗೋಡೆಯ ಹಿಂದೆ ಸರಿದರು. ಗದ್ದೆಪ್ಪನೂ ನಾಲ್ಕು ಹೆಜ್ಜೆ ಸರಿದ. ಅವನು ಕಟ್ಟಿಸಿದ್ದೇ ಆದರೂ ಆ ಗುಮ್ಮಟ ಯಾಕೋ ಬೆಳಗಿಗಿಂತ ಉಬ್ಬಿದಂತೆ ಕಂಡಿತು.

ಯಾರೋ ಹೋಗಿ ಆದಪ್ಪನನ್ನು ಕರೆತಂದರು. ಓಣಿಯ ವ್ಯಾಜ್ಯಗಳನ್ನೆಲ್ಲ ಬಗೆಹರಿಸುತ್ತಿದ್ದವನು ಈ ಮುದುಕ. ನ್ಯಾಯಕ್ಕೆ ಹೆಸರಾದವನು. ಅವನೆದುರು ಒಮ್ಮೆ ಆಡಿದ ಮಾತನ್ನು ಆಡಿದವನೇ ಮರೆತರೂ ಅವನು ಮರೆಯುತ್ತಿರಲಿಲ್ಲ. ಕನಕರಾಯ ತಂದ ಒಲೆಯ ಪೆಟ್ಟಿಗೆಯ ಮೇಲೆಯೇ ಕೂತು ಕೇಳಿದ.

"ಇದರಾಗಿರೋ ಹೆಂಡಿ ಯಾರದು?"

"ನಮ್ಮದಲ್ಲ," ಎಂದಳು ಮಾರೆಮ್ಮ. "ನಮ್ಮದೂ ಅಲ್ಲ," ಎಂದ ಅಮೀನ್‌ಸಾಬ್. ಗೋಡೆಯ ಹಿಂದಿನಿಂದ ಒಂದೊಂದೇ ದನಿ ಎದ್ದು, ಯಾರದೂ ಅಲ್ಲವೆಂದಾಯಿತು. ಆದಪ್ಪ ಗದ್ದೆಪ್ಪನ ಕಡೆ ತಿರುಗಿದ. "ಹಂಗಾದ್ರ ಎಲ್ಲಾ ನಿಂದ. ಏನರ ಹೆಚ್ಚುಕಮ್ಮಿ ಆದ್ರ ಜವಾಬ್ದಾರಿ ನಿನ್ನೊಬ್ಬಂದ."

ಗದ್ದೆಪ್ಪನ ಕಣ್ಣ ಮುಂದೆ ಸಿಂಧನೂರಿನ ಠಾಣೆ, ಕೈಗೆ ಬೇಡಿ, ಬಸ್ಸಿಳಿದು ದಿಕ್ಕುಗಾಣದೆ ನಿಂತ ಯಮನೂರಮ್ಮ, ಎಲ್ಲ ಸಾಲಾಗಿ ಬಂದುಹೋದವು. ನಾಲಿಗೆ ತನ್ನಷ್ಟಕ್ಕೆ ತಾನೇ ಓಡಿತು.

"ನನ್ನವು ಎರಡ ಎತ್ತು ತಾತ. ಅವು ಹಾಕೋದು ಒಂದು ಬುಟ್ಟಿ. ಉಳಿದಿದ್ದೆಲ್ಲ ಇವರದ. ಈ ಗುಂಡಿ ನಂದೊಬ್ಬಂದಲ್ಲ, ಓಣಿದು. ಒಳಗಿನ ಗಾಳಿನೂ ಓಣಿದ. ಸಿಡಿದ್ರ ಎಲ್ಲರಿಗೂ ಪಾಲೈತಿ."

"ಇದು ನಿನ್ನ ಮಾತು ಹೌದಿಲ್ಲೋ?"

"ನಮ್ಮವ್ವನ ಆಣಿ ತಾತ. ಗಾಳಿ ಓಣಿದ."

ಆದಪ್ಪ ತಲೆಯಾಡಿಸಿದ. ಮಾತು ಅವನ ತಲೆಯೊಳಗೆ ಹೋಗಿ ಕೂತಿತು. ಕಡೆಗೆ ಅವನು, ಹೊತ್ತು ಮುಳುಗುವುದರೊಳಗೆ ಗುಂಡಿಗೆ ಮಣ್ಣು ತುಂಬಬೇಕೆಂದ. ಯಾರದೂ ತಕರಾರಿರಲಿಲ್ಲ.

ಗದ್ದೆಪ್ಪ ಕುಸಿದುಹೋದ. ಮಣ್ಣು ತುಂಬಿದರೆ ಮತ್ತೆ ಅದೇ ಜಾಲಿ ಕಟ್ಟಿಗೆ, ಅದೇ ಹೊಗೆ. ಯಮನೂರಮ್ಮ ಬಂದ ಬಸ್ಸಿಗೇ ತಿರುಗಿ ಹತ್ತುವುದು ಖಂಡಿತ. "ಒಂದ ಸಲ ಹಚ್ಚಿ ನೋಡೋಣ ತಾತ. ಏನರ ಕೆಟ್ಟರ ನಾನ ನಿಂತು ಮುಚ್ಚತೀನಿ," ಎಂದು ಗೋಗರೆದ. ಆದಪ್ಪ ಪೆಟ್ಟಿಗೆಯಿಂದ ಎದ್ದು, ಹಚ್ಚುವುದಾದರೆ ಹಚ್ಚು ಎಂದು ತಾನೂ ಗೋಡೆಯ ಹಿಂದೆ ಹೋಗಿ ನಿಂತ.

ಕನಕರಾಯ ಒಲೆಗೆ ಪೈಪು ಜೋಡಿಸಿಕೊಟ್ಟವನೇ, "ಬೈಕಿನ ಚಕ್ರದಾಗ ಗಾಳಿ ಐತೇನು ನೋಡಿ ಬರ್ತೀನಿ," ಎಂದು ಹೊರಗೆ ಹೋದ. ಅಡುಗೆಮನೆಯಲ್ಲಿ ಗದ್ದೆಪ್ಪ ಒಬ್ಬನೇ ಉಳಿದ. ಒಲೆಯ ಕಿವಿ ತಿರುಗಿಸಿ ಕಡ್ಡಿಪೆಟ್ಟಿಗೆ ತೆಗೆದ. ಹೆಂಡತಿಯನ್ನು ನೆನೆದು ಕಣ್ಣು ಮುಚ್ಚಿ ಗೀರಿದ.

ಏನೂ ಸಿಡಿಯಲಿಲ್ಲ. ಕಣ್ಣು ತೆರೆದರೆ ಅಗಸೆ ಹೂವಿನಂಥ ನೀಲಿ ಉರಿ ಸದ್ದಿಲ್ಲದೆ ಒಲೆಯ ಮೇಲೆ ಕೂತಿತ್ತು. ಒಂದೆಳೆ ಹೊಗೆಯಿರಲಿಲ್ಲ. ಆದರೂ ಗದ್ದೆಪ್ಪನ ಕಣ್ಣಲ್ಲಿ ನೀರು ಬಂತು.

ಅವನು ಚಹಾ ಇಟ್ಟ. ಚಹಾದ ವಾಸನೆ ಗೋಡೆ ದಾಟಿತು. ಮೊದಲು ಬಂದವಳು ಇಮಾಮ್‌ಬೀ. ಬಾಗಿಲಲ್ಲಿ ನಿಂತು ಉರಿ ನೋಡಿದಳು, ಸೂರು ನೋಡಿದಳು, ಚಹಾದ ಕಪ್ಪು ಇಸಿದುಕೊಂಡು ಒಂದು ಗುಟುಕು ಕುಡಿದಳು. "ಹೆಂಡಿ ವಾಸನಿ ಇಲ್ಲ," ಎಂದು ಹೊರಗಿನವರಿಗೆ ಕೇಳುವಂತೆ ಹೇಳಿದಳು. ಅದೊಂದು ಮಾತಿಗೆ ಗೋಡೆಯ ಹಿಂದೆ ಯಾರೂ ಉಳಿಯಲಿಲ್ಲ.

ಚಹಾ ಕುಡಿಯುತ್ತ ಆದಪ್ಪನಿಗೆ ಕೋಳಿಯ ನೆನಪಾಯಿತು. ಪುರಾವೆ ನೋಡೋಣವೆಂದು ಬುಟ್ಟಿ ಎತ್ತಿಸಿದರೆ ಕೋಳಿ ಎದ್ದು ನಿಂತಿತ್ತು. ನೆರಳು ಸಿಕ್ಕು ಅದಕ್ಕೆ ಜೀವ ಬಂದಿತ್ತು. ಕಾಲ ಬಳಿ ಒಂದು ಮೊಟ್ಟೆಯೂ ಇತ್ತು.

"ಹದಿನೈದು ದಿನದಿಂದ ಇಟ್ಟಿದ್ದಿಲ್ಲ ಇದು," ಎಂದು ಇಮಾಮ್‌ಬೀ ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

"ಗ್ಯಾಸಿನ ಗಾಳಿ ಮೈಗೆ ಚಲೋ ಅಂತ ನಾನೂ ಕೇಳೀನಿ," ಎಂದ ಅಮೀನ್‌ಸಾಬ್. ಯಾವ ರೇಡಿಯೋದಲ್ಲಿ ಎಂದು ಯಾರೂ ಕೇಳಲಿಲ್ಲ.

ಮುಂದಿನದು ಬೇಗಬೇಗ ನಡೆಯಿತು. ಮಾರೆಮ್ಮ ಉರಿಯನ್ನೇ ನೋಡುತ್ತ, "ನಮ್ಮ ಎಮ್ಮಿ ಹಿಂಡಿ ತಿಂತೈತಿ. ಅದಕ್ಕ ಉರಿ ಇಷ್ಟು ಚಂದ ಬಂದೈತಿ," ಎಂದಳು. ಹೆಚ್ಚು ಹಾಕಿದವರು ತಾವೆಂದು ಇಮಾಮ್‌ಬೀ ಎದ್ದಳು. ಬೆಳಿಗ್ಗೆ ಯಾರದೂ ಅಲ್ಲದ ಸಗಣಿಗೆ ಮಧ್ಯಾಹ್ನ ಒಬ್ಬೊಬ್ಬರೂ ವಾರಸುದಾರರಾದರು. ಗದ್ದೆಪ್ಪ ಮಾತ್ರ ನಿಶ್ಚಿಂತೆಯಿಂದ ನಕ್ಕ. "ಹೆಂಡಿ ನಿಮ್ಮದ ಇರಲಿ. ಮಾತಾಗೇತಲ್ಲ ತಾತ, ನಡುವಿನ ಗಾಳಿ ನಂದು."

"ಆಗಿತ್ತು," ಎಂದ ಆದಪ್ಪ. "ಅದನ್ನ ಮುಂಜಾನಿ ನೀನ ಓಣಿಗೆ ಕೊಟ್ಟಿ. ಹಡೆದವ್ವನ ಆಣಿ ಮಾಡಿ ಕೊಟ್ಟಿ."

"ಅವರೂ ಹೆಂಡಿ ತಮ್ಮದಲ್ಲ ಅಂದ್ರಲ್ಲ ತಾತ?"

"ಅವರು ಸುಳ್ಳು ಹೇಳಿದ್ರು. ಸುಳ್ಳು ಹಿಡಕೊಂಡು ನಾ ನ್ಯಾಯ ಮಾಡಂಗಿಲ್ಲ. ಖರೇ ಹೇಳಿದಾವ ನೀ ಒಬ್ಬನ."

ಓಣಿಯ ಜನರೆಲ್ಲ ಗದ್ದೆಪ್ಪನ ಸತ್ಯಸಂಧತೆಯನ್ನು ಬಾಯ್ತುಂಬ ಹೊಗಳಿದರು. ಗ್ಯಾಸು ಎಲ್ಲರದು, ಪಾಳಿಯ ಪ್ರಕಾರ ಅಡುಗೆ ಮಾಡಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಪೈಪನ್ನು ಬೇರೆ ಮನೆಗಳಿಗೆ ಎಳೆಯಲಾದೀತೇ ಎಂದು ಕೇಳಿದರೆ, ಬೈಕಿನ ಗಾಳಿ ನೋಡಿ ಬಂದ ಕನಕರಾಯ ಆಗುವುದಿಲ್ಲವೆಂದ. ಹಾಗಾದರೆ ಗದ್ದೆಪ್ಪನ ಅಡುಗೆಮನೆಯೇ ಆಗಲಿ ಎಂದರು. ಮೊದಲ ದಿನವಾದ್ದರಿಂದ ಪಾಳಿ ಬಿಟ್ಟು ಎಲ್ಲರೂ ಒಟ್ಟಿಗೇ ಬಂದರು, ರೊಟ್ಟಿ ಹಂಚು, ಹಿಟ್ಟು ನಾದುವ ಕೊಣಮಿಗೆ ಸಮೇತ.

ಸಂಜೆ ಬಸ್ಸಿಳಿದ ಯಮನೂರಮ್ಮ ದೂರದಿಂದಲೇ ತನ್ನ ಮನೆಯ ಮಾಳಿಗೆ ನೋಡಿದಳು. ಹೊಗೆಯಿಲ್ಲ. ಮುಖ ಅರಳಿತು. ಅಂಗಳದಲ್ಲಿ ಕಾದು ನಿಂತಿದ್ದ ಗಂಡನ ಕಡೆ ಅವಳು ನೋಡಿದ ಒಂದು ನೋಟಕ್ಕೆ ಗದ್ದೆಪ್ಪ ಇನ್ನೂ ಹತ್ತು ಗುಂಡಿ ತೋಡಲು ತಯಾರಿದ್ದ. ಅವಳು ಸರಸರನೆ ಅಡುಗೆಮನೆಗೆ ಹೋದಳು, ಬಾಗಿಲಲ್ಲೇ ನಿಂತಳು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಬಾರವ್ವ ಯಮನೂರಿ," ಎಂದು ಮಾರೆಮ್ಮ ರೊಟ್ಟಿ ಬಡಿಯುತ್ತಲೇ ಕರೆದಳು. "ಒಂದಿಷ್ಟೂ ಹೊಗಿ ಇಲ್ಲ ನೋಡು. ನಿಮ್ಮ ಪಾಳಿ ಬರೋ ವಾರ ಬರತೈತಿ."

ಯಮನೂರಮ್ಮ ಅಂಗಳಕ್ಕೆ ಬಂದು ಗಂಡನಿಂದ ಎಲ್ಲ ಕಥೆ ಕೇಳಿದಳು. "ಗಾಳಿ ಓಣಿದು ಅಂತ ಅಂದಾವ ಯಾರು?" ಎಂದು ಒಂದೇ ಪ್ರಶ್ನೆ ಕೇಳಿದಳು.

"ನಾನ," ಎಂದ ಗದ್ದೆಪ್ಪ.

ಅವಳು ಬೈಯಲಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹಸಿ ಜಾಲಿ ಕಟ್ಟಿಗೆ ಒಡ್ಡಿ, ಗೂಟದ ಮೇಲಿದ್ದ ಊದುಗೊಳವೆ ತಂದು ಅವನ ಕೈಗಿಟ್ಟಳು. ತಾನು ಹೊಗೆ ತಾಗದ ಕಡೆ ಹೋಗಿ, ಸೆರಗು ಹೊದ್ದು ಕೂತಳು. ಗದ್ದೆಪ್ಪ ಊದತೊಡಗಿದ. ಊದಿದಷ್ಟೂ ಹೊಗೆ ಎದ್ದಿತು, ಕಣ್ಣು ಉರಿಯಿತು.

"ಗದ್ದೆಪ್ಪ," ಎಂದು ಒಳಗಿನಿಂದ ಇಮಾಮ್‌ಬೀ ಕೂಗಿದಳು. "ನಿನ್ನ ಹೊಗಿ ಇಲ್ಲಿ ಒಳಗ ಬರಾಕತ್ತೈತಿ. ಅಷ್ಟು ಬಾಗಿಲ ಎಳಕೊಂಡು ಕುಂದ್ರು."

ಗದ್ದೆಪ್ಪ ಕಣ್ಣುಜ್ಜಿಕೊಳ್ಳುತ್ತ ಎದ್ದು ಹೋಗಿ, ತನ್ನ ಅಡುಗೆಮನೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಬಂದು ಮತ್ತೆ ಊದಲು ಕೂತ.