ಕ್ಯಾಪ್ಟನ್ನರಿಗೆ ಚಾಳೀಸು

"ನಾನಿರೋತನಕ ಮೂಗಿನ ಮೇಲೆ ಕನ್ನಡಕ ಏರಕ್ಕೆ ಬಿಡಲ್ಲ!" ಎಂದು ಹೊಂಗನೂರಿನ ಅತ್ತೆಮನೆಯ ಜಗಲಿಯಲ್ಲಿ ಕ್ಯಾಪ್ಟನ್ ಶಂಭುಲಿಂಗ ಘೋಷಿಸಿದಾಗ ಅವರಿಗೆ ನಲವತ್ತೇಳು ತುಂಬಿತ್ತು. ವಿಮಾನ ಹಾರಿಸುವ ಅಳಿಯ! ಸೋಮವಾರ ಕಣ್ಣಿನ ಪರೀಕ್ಷೆ. ಹತ್ತಿರದ ಅಕ್ಷರ ಕಾಣದಿದ್ದರೆ ವಿಮಾನದ ಕಡೆ ತಲೆ ಹಾಕುವಂತಿಲ್ಲ. ಆದರೂ ಚಾಳೀಸು ಬಂದಿದೆಯೆಂದು ಒಪ್ಪುವ ಜಾಯಮಾನ ಅವರದಲ್ಲ.

"ಅಷ್ಟು ಮೇಲಿಂದ ನನಗೆ ಕಾವೇರಿ ಕಾಣ್ತದೆ ಕಣೇ" ಎಂದರು ಹೆಂಡತಿಗೆ.

"ಕಾವೇರಿ ಕಾಣ್ತದೆ, ತಟ್ಟೆ ಕಾಣಕಿಲ್ಲ. ನೆನ್ನೆ ಹಸಿಮೆಣಸಿನಕಾಯಿನ ಹುರುಳಿಕಾಯಿ ಅಂತ ಅಗಿದ್ರಲ್ಲ" ಎಂದಳು ಯಶೋಧಾ.

ಅವತ್ತೇ ಅತ್ತೆ ಬಸಮ್ಮನವರ ರೇಷ್ಮೆಹುಳು ಹಣ್ಣಾಗಿತ್ತು. ಮೈ ತಿಳಿಯಾದ ಹಣ್ಣುಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇನ್ನೂ ಬಿಳಿಚಿಕೊಂಡಿರುವ ಹಸಿಹುಳುಗಳಿಗೆ ಸೊಪ್ಪು ಹಾಕಬೇಕು. ಆಳು ಸಿಗದ ದಿನ. ಕ್ಯಾಪ್ಟನ್ನರು ಸಮವಸ್ತ್ರದ ಟೋಪಿಯನ್ನು ಹುಳುಮನೆಯ ಕಿಟಕಿಯ ಮೇಲಿಟ್ಟು, ಕೈಕಾಲು ತೊಳೆದು ರಂಗಕ್ಕಿಳಿದರು. ಒಂದೊಂದು ಹುಳುವನ್ನೂ ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡತೊಡಗಿದರು. ಹಸಿಯೆಂದು ತೋರಿದ ಒಂದನ್ನು ಎತ್ತಿ ಕಿಟಕಿಯ ಮೇಲೆ, ಟೋಪಿಯ ಪಕ್ಕಕ್ಕಿಟ್ಟರು.

"ಅಳಿಯಂದ್ರು ಹುಳಕ್ಕೆ ಆಶೀರ್ವಾದ ಮಾಡ್ತಾವ್ರಾ?" ಎಂದರು ಬಸಮ್ಮ.

ಮರುದಿನ ಮಿಕ್ಕವರ ಚಂದ್ರಿಕೆಗಳಲ್ಲೆಲ್ಲ ನೂಲಿನ ತೆರೆ ಕಟ್ಟಿತ್ತು. ಕ್ಯಾಪ್ಟನ್ನರ ಚಂದ್ರಿಕೆಯಲ್ಲಿ ಮಾತ್ರ ಹುಳುಗಳು ಹಸಿದುಕೊಂಡು ಸೊಪ್ಪು ಹುಡುಕುತ್ತಿದ್ದವು.

"ಉಣ್ಣೋ ಹುಳನೆಲ್ಲ ಪಂಕ್ತಿಯಿಂದ ಎಬ್ಬಿಸ್ಕೊಂಡು ಬಂದ್ಬುಟ್ಟಿದೀರಲ್ಲ!" ಎಂದು ಬಸಮ್ಮ ಅವುಗಳನ್ನು ಸೊಪ್ಪಿಗೆ ಮರಳಿಸಿದರು. ಅಳಿಯನ ಮುಖ ಹುಳುವಿಗಿಂತ ಬಿಳಿಚಿಕೊಂಡಿತು. ಸೋಮವಾರದ ಪರೀಕ್ಷೆ ಆಗ ನೆನಪಾಯಿತು. ತೆಪ್ಪಗೆ ಹೆಂಡತಿಯ ಜೊತೆ ಚನ್ನಪಟ್ಟಣದ ಬಸ್ಸು ಹತ್ತಿದರು.

ಕನ್ನಡಕದಂಗಡಿಯ ನಿಖಾತ್ ಕಣ್ಣು ಪರೀಕ್ಷಿಸಿ, ಕೆಳಗಡೆ ಓದುವ ಗಾಜಿದ್ದ ಕನ್ನಡಕವೊಂದನ್ನು ಹಾಕಿಸಿದಳು.

"ಇದಾಗಲ್ಲಮ್ಮ. ನನ್ನ ಸ್ವಿಚ್ಚೆಲ್ಲ ತಲೆ ಮೇಲಿರ್ತವೆ" ಎಂದರು ಕ್ಯಾಪ್ಟನ್ನರು ಗತ್ತಿನಿಂದ. "ನೋಡು, ಇಲ್ಲಿ ಒಂದು, ಅದರ ಹಿಂದೆ ಒಂದು..." ಕೆಳಗಿನ ಗಾಜಿನಿಂದ ಮೇಲಿನದನ್ನು ನೋಡಲು ತಲೆ ಹಿಂದಕ್ಕೆ ಹೋಯಿತು. ತಲೆಯ ಹಿಂದೆ ಬೆನ್ನು, ಬೆನ್ನಿನ ಹಿಂದೆ ಕುರ್ಚಿ! ಕ್ಯಾಪ್ಟನ್ನರು ಕಾಲು ಮೇಲಾಗಿ ನೆಲಕ್ಕಿಳಿದರು.

"ಲ್ಯಾಂಡಿಂಗ್ ಆಯ್ತು, ಬೆಲ್ಟ್ ಬಿಚ್ಕೊಳಿ" ಎಂದಳು ಯಶೋಧಾ.

ನಿಖಾತ್ ನಗು ನುಂಗಿಕೊಂಡು, "ಮೇಲೂ ಹತ್ತಿರದ ಗಾಜು, ಕೆಳಗೂ ಹತ್ತಿರದ್ದು, ಮಧ್ಯೆ ದೂರದ್ದು ಹಾಕಿಸ್ಕೊಡ್ತೀನಿ ಸರ್" ಎಂದಳು.

"ಅಂದ್ರೆ ಎರಡೆರಡು ಚಾಳೀಸಾ?"

"ಒಂದೇ ಬ್ಯಾಡ ಅಂದೋರಿಗೆ ದೇವ್ರು ಎರಡು ಕೊಟ್ಟವ್ನೆ. ಹಾಕ್ಕೊಳಿ" ಎಂದು ಯಶೋಧಾ ತೀರ್ಪು ಕೊಟ್ಟಳು.

ಸೋಮವಾರ ಬೆಳಿಗ್ಗೆ ಹೊಸ ಕನ್ನಡಕ ಏರಿಸಿದ ಕ್ಯಾಪ್ಟನ್ನರಿಗೆ ದಿನಪತ್ರಿಕೆಯ ಸಣ್ಣಕ್ಷರವೂ ಕಂಡಿತು. ಗೆದ್ದೆನೆಂದುಕೊಂಡು ಹುಳುಮನೆಯ ಕಿಟಕಿಯಿಂದ ಟೋಪಿ ಎತ್ತಿಕೊಂಡರು. ಒಳಮೂಲೆಯಲ್ಲಿ ದುಂಡಗೆ, ಬೆಳ್ಳಗೆ ಒಂದು ರೇಷ್ಮೆಗೂಡು!

"ಅತ್ತೆ, ಇದು ಹೆಂಗೆ ಬಂತು ಇಲ್ಲಿಗೆ?"

ಬಸಮ್ಮ ಟೋಪಿಯೊಳಗೆ ಇಣುಕಿ ನೋಡಿದರು. "ಹಸಿಹುಳ ಅಂತ ನೀವು ಕಿಟಕಿ ಮೇಲೆ ಎತ್ತಿಟ್ಟಿದ್ರಲ್ಲ, ಅದೇಯ. ತನ್ ಕಾಲ ಬಂತು ಅಂತ ಅದಕ್ಕೆ ಗೊತ್ತಾಗಿ ಸುಮ್ಕೆ ಗೂಡು ಕಟ್ಕೊಂಡೈತೆ. ಕುರ್ಚಿಯಿಂದ ಬೀಳೋಗಂಟ ಕಾಯಲಿಲ್ಲ ನೋಡಿ."