ಏಕಾದಶಿಯ ಅವಲಕ್ಕಿ ಮತ್ತು ಕರುಳಿನ ಕ್ಯಾಮೆರಾ

ನಮ್ಮ ಮನೆಯಲ್ಲಿ ಹೊಟ್ಟೆಯ ಮಾತು ಮೂರು ಹೊತ್ತೂ ಬರುತ್ತದೆ; ಎಲ್ಲವೂ ಒಳಗೆ ಹೋಗುವುದರ ಬಗ್ಗೆ. ಹೊರಗೆ ಬರುವುದರ ಬಗ್ಗೆ ಬಾಯಿ ಬಿಡಲು ನನಗೆ ತಿಂಗಳುಗಳೇ ಹಿಡಿದವು. ರಕ್ತ ಕಾಣುತ್ತಿತ್ತು. ಅಮ್ಮನಿಗೂ ಹೀಗೇ ಶುರುವಾಗಿತ್ತು. ಮೂಲವ್ಯಾಧಿ ಇರಬೇಕೆಂದು ಸುವರ್ಣಗೆಡ್ಡೆ ತಿನ್ನುತ್ತಾ ಕೂತಳು. ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲ.

ಜಯನಗರದ ಡಾಕ್ಟರು ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಮಾಡೋಣ ಎಂದರು. ಅಪರೂಪಕ್ಕೆ ರಕ್ತಸ್ರಾವ ಆಗಬಹುದು, ತೀರಾ ಅಪರೂಪಕ್ಕೆ ಕರುಳು ತೂತಾಗಬಹುದು ಎಂದೂ ಹೇಳಿದರು. ಅಪರೂಪ ಎಂದರೆ ನನಗೆ ಸಮಾಧಾನವಾಗುವುದಿಲ್ಲ. ನಮ್ಮ ಬನಶಂಕರಿಯ ಬೀದಿಯಲ್ಲಿ ತೆಂಗಿನಕಾಯಿ ತಾನಾಗಿ ಬೀಳುವುದು ಅಪರೂಪ; ಬಿದ್ದದ್ದು ಮಾತ್ರ ನಮ್ಮ ಸ್ಕೂಟರಿನ ಮೇಲೇ.

"ಹಿಂದಿನ ದಿನ ತಿಳಿ ನೀರಿನಂಥದ್ದು ಬಿಟ್ರೆ ಏನೂ ಬೇಡ. ಉಪವಾಸ ಅಂದ್ಕೊಳ್ಳಿ."

ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ನಕ್ಕೇಬಿಟ್ಟರು. "ಉಪವಾಸ ತಾನೇ ಡಾಕ್ಟ್ರೇ? ಒಂದು ಏಕಾದಶೀನೂ ಬಿಡೋಳಲ್ಲ ಇವಳು. ಎಕ್ಸ್‌ಪರ್ಟು!"

ಹೊಗಳಿಕೆ ತಲೆಗೇರಿತು. ಪರೀಕ್ಷೆಯ ಹಿಂದಿನ ದಿನ ಅನ್ನ ಮುಟ್ಟಲಿಲ್ಲ. ಆಸ್ಪತ್ರೆಯವರು ಕೊಟ್ಟ ಭೇದಿಯ ಪುಡಿಯನ್ನು ನೀರಿಗೆ ಕಲಸಿ, ಮೂಗು ಹಿಡಿದು ಕುಡಿದು, ಬಚ್ಚಲುಮನೆಗೂ ಹಾಸಿಗೆಗೂ ಓಡಾಡಿದೆ. ಸಂಜೆ ತಲೆ ಸುತ್ತಿದಾಗ ಏಕಾದಶಿಯಲ್ಲಿ ಮಾಡುವುದನ್ನೇ ಮಾಡಿದೆ: ಒಂದು ಬಟ್ಟಲು ಮೊಸರವಲಕ್ಕಿ. ಅವಲಕ್ಕಿ ಊಟವಲ್ಲ; ನಮ್ಮತ್ತೆಯ ಕಾಲದಿಂದಲೂ ಅಲ್ಲ.

ಮರುದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿನ ಮಂಪರು ಇಳಿದಾಗ ಡಾಕ್ಟರು ಕೈಕಟ್ಟಿ ನಿಂತಿದ್ದರು. "ಅರ್ಧಕ್ಕೇ ನಿಲ್ಲಿಸ್ಬೇಕಾಯ್ತು ಮೇಡಂ. ಒಳಗೆ ಕ್ಲೀನ್ ಇಲ್ಲ. ಕಾಣದೇ ಇರೋ ಕಡೆ ತಳ್ಳಿದ್ರೆ ತೂತಾಗೋ ರಿಸ್ಕ್ ಜಾಸ್ತಿ. ನಿನ್ನೆ ಏನ್ ತಿಂದ್ರಿ?"

"ಏನೂ ಇಲ್ಲ. ಉಪವಾಸ."

"ಚೂರು ಅವಲಕ್ಕಿ, ಅಷ್ಟೇ," ಎಂದರು ಯಜಮಾನರು, ನನ್ನ ಪರ ವಹಿಸುವ ಉತ್ಸಾಹದಲ್ಲಿ.

"ಅವಲಕ್ಕಿ ತಿಂದ್ರೆ ಅದು ಉಪವಾಸಾನಾ ಸಾರ್?"

"ನಮ್ಮನೇಲಿ ಅದೇ ಸಾರ್."

"ಕಂಡಷ್ಟು ಜಾಗದಲ್ಲಿ ಏನೂ ಇಲ್ಲ. ಉಳಿದಿದ್ದು ನೋಡ್ದೇ ಹೇಳಕ್ಕಾಗಲ್ಲ. ಮುಂದಿನ ವಾರ ಬನ್ನಿ," ಎಂದು ಡಾಕ್ಟರು ಹೊರಟುಹೋದರು.

ಆಟೋ ಹಿಡಿದು ಮನೆಗೆ ಹೊರಟೆವು. ಡಾಕ್ಟರ ಕೈ ತಪ್ಪಿ ತೂತಾದೀತೆಂದು ವಾರವೆಲ್ಲ ಹೆದರಿದ್ದೆ. ಆ ಅಪಾಯವನ್ನು ಬಟ್ಟಲಲ್ಲಿ ಕಲಸಿ ತಿಂದವಳು ನಾನೇ. ಇನ್ನು ಮತ್ತೆ ಅದೇ ಪುಡಿ, ಅದೇ ಭಯ. ಅಮ್ಮನದು ನನ್ನೊಳಗೂ ಕೂತಿದೆಯೋ ಇಲ್ಲವೋ, ಅದು ಕಾಣದ ಅರ್ಧಕ್ಕೇ ಗೊತ್ತು.

ಅವಲಕ್ಕಿ ಡಬ್ಬಿಯನ್ನು ಎದುರುಮನೆಗೆ ಕೊಟ್ಟುಬಂದಿದ್ದೇನೆ. ಇಷ್ಟು ವರ್ಷ ನನ್ನ ಉಪವಾಸಗಳನ್ನು ದೇವರು ಹೇಗೋ ನಂಬಿಕೊಂಡು ಬಂದ. ಕ್ಯಾಮೆರಾಕ್ಕೆ ಅಷ್ಟು ದೊಡ್ಡ ಮನಸ್ಸಿಲ್ಲ.