ಪಾಲಾಗದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ನಿಧಾನವಾಗುವುದು ಮುಪ್ಪಿನಿಂದಲ್ಲ, ಅದರ ಬೆನ್ನ ಮೇಲೆ ವರ್ಷ ವರ್ಷವೂ ಹೇರುವ ಹೊರೆಯಿಂದ. ಇದು ನಿಮಗೆ ಗೊತ್ತಿರಬೇಕಿತ್ತು. ನನಗೆ ಗೊತ್ತಿತ್ತು. ಆದರೆ ನನ್ನ ಹೆಂಡತಿ ಅದನ್ನು ನಂಬಿದ್ದು ನನ್ನ ಷಡ್ಡಕನ ಬಾಯಿಂದ ಕೇಳಿದ ಮೇಲೆಯೇ.

(ಷಡ್ಡಕ ಎಂದರೆ ಅವಳ ತಂಗಿಯ ಗಂಡ. ನನ್ನನ್ನು ಅಳೆಯಲೆಂದೇ ಮಾವನವರು ತಂದಿಟ್ಟ ಅಳತೆಗೋಲು.)

ಈ ಮಹಾನುಭಾವ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲಿನ ಆಪರೇಟಿಂಗ್ ಸಿಸ್ಟಂ ಇರುವಾಗಲೇ ಪಕ್ಕದಲ್ಲಿ ಹಗುರವಾದ ಎರಡನೆಯದನ್ನು ತಂದು ಕೂರಿಸಿದ್ದ. ಸವತಿಯರಿಬ್ಬರೂ ಜಗಳವಿಲ್ಲದೆ ಸಂಸಾರ ಮಾಡುತ್ತಿದ್ದರಂತೆ.

"ಕಣ್ಣು ಮಿಟುಕಿಸೋದ್ರಲ್ಲಿ ತೆರ್ಕೊಳ್ಳುತ್ತೆ ರೀ. ನಮ್ದಕ್ಕೂ ಹಾಕ್ಕೊಡ್ತಾರಂತೆ, ಕರೀಲಾ?"

"ನಾನೇನು ಕೈಗೆ ಬಳೆ ತೊಟ್ಕೊಂಡಿದೀನಾ?"

"ಬಳೆ ತೊಟ್ಟಿರೋ ಕೈಯೇ ಈ ಮನೆ ನಡೆಸ್ತಿರೋದು. ಮಾಡಿ ನೋಡೋಣ."

ಆ ಯಂತ್ರದಲ್ಲಿ ನನ್ನ ಅಂಕಣಗಳೆಲ್ಲ ಇದ್ದವು. ಪ್ರಕಾಶಕರೊಬ್ಬರು ಕೊನೆಗೂ ಅವನ್ನು ಪುಸ್ತಕ ಮಾಡಲು ಒಪ್ಪಿದ್ದರು. ಆದ್ದರಿಂದ ಊಟದ ಮೇಜಿನ ಮೇಲೆ ಬಹಳ ಎಚ್ಚರದಿಂದಲೇ ಶಸ್ತ್ರಚಿಕಿತ್ಸೆಗೆ ಕೂತೆ. ಎಲ್ಲ ಸರಾಗವಾಗಿ ಸಾಗಿ, ಪರದೆ ಒಂದು ಪ್ರಶ್ನೆ ಕೇಳಿತು: ಡಿಸ್ಕನ್ನು ಪಾಲು ಮಾಡಲೇ, ಪೂರ್ತಿ ಬಳಸಲೇ?

ಪಾಲು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸುವುದರ ವಿರುದ್ಧ ಸಾಲು ಸಾಲು ಅಂಕಣ ಬರೆದವನು ನಾನು. ನನ್ನದೇ ಮೇಜಿನ ಮೇಲೆ ಪಾಲುಪಟ್ಟಿಗೆ ಒಪ್ಪುವುದೇ? ಇಬ್ಬರೂ ಒಂದೇ ಅಂಗಳದಲ್ಲಿ ಕೂಡಿ ಬಾಳಲಿ ಎಂದು 'ಪೂರ್ತಿ' ಒತ್ತಿದೆ. ಎಚ್ಚರಿಕೆಯೊಂದು ಬಂತು. ಅದು ಷಡ್ಡಕನಂಥವರಿಗಿರಬೇಕೆಂದು ಅದಕ್ಕೂ 'ಸರಿ' ಎಂದೆ.

ಯಂತ್ರ ಕಣ್ಣು ಮಿಟುಕಿಸುವುದರಲ್ಲಿ ತೆರೆದುಕೊಂಡಿತು. ಒಳಗೆ ಹೊಸಬಳು ಒಬ್ಬಳೇ. ಹಳೆಯವಳೂ ಇಲ್ಲ, ಅವಳ ಮಡಿಲಲ್ಲಿದ್ದ ನನ್ನ ಅಂಕಣಗಳೂ ಇಲ್ಲ.

"ನಿನ್ನ ಫೋಟೋಗಳು ಹೋದವು ಕಣೇ" ಎಂದೆ.

"ನಂದೆಲ್ಲ ನಿನ್ನೇನೇ ಬೇರೆ ಕಡೆ ಎತ್ತಿಟ್ಟೆ."

"ಯಾಕೆ?"

"ನೀವೇ ಮಾಡ್ತೀನಿ ಅಂದ್ರಲ್ಲ."

"ಮತ್ತೆ ನಂದು?"

"ನಿಮ್ಮ ಫೋಲ್ಡರ್ ಮುಟ್ಟಿದ್ರೆ ಮೈಮೇಲೆ ಬೀಳ್ತೀರಿ, ಯಾರಿಗೆ ಬೇಕು ಆ ರಗಳೆ. ಪತ್ರಿಕೆಯೋರನ್ನ ಕೇಳಿ."

(ಕೇಳುವ ಹಾಗಿಲ್ಲ. ನನ್ನ ಕೊನೆಯ ಅಂಕಣ ಆ ಸಂಪಾದಕರ ಬಗ್ಗೆಯೇ ಇತ್ತು.)

ಅವಳಿಗೆ ಕನಿಕರ ಹುಟ್ಟಿರಬೇಕು. "ಹೋಗ್ಲಿ ಬಿಡಿ, ತಂಗಿ ಗಂಡನ ಹತ್ರ ಇದೆ. ನಿಮ್ಮ ಒಂದೊಂದು ಅಂಕಣಾನೂ ಕತ್ತರಿಸಿ ಇಟ್ಕೊಂಡಿದಾರೆ. ನಮ್ಮಣ್ಣ ಬರೆದದ್ದು ಅಂತ ಬಂದೋರಿಗೆಲ್ಲ ತೋರಿಸ್ತಾರೆ, ಪಾಪ."

ಒಳ್ಳೆಯತನದಲ್ಲಾದರೂ ಈ ಮನುಷ್ಯ ನನಗಿಂತ ಒಂದು ಹೆಜ್ಜೆ ಹಿಂದಿರಬಾರದೇ?

ಓದುಗರೇ, ನನ್ನ ಅಂಕಣ ಓದಿ, ಸಿಟ್ಟು ನೆತ್ತಿಗೇರಿ, ಪತ್ರಿಕೆಯನ್ನು ಹರಿದು ಬಿಸಾಡಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆ ಚೂರುಗಳಾದರೂ ಸರಿ, ಕಳಿಸಿ. ಇವಳು ಆಗಲೇ ಅವನಿಗೆ ಫೋನ್ ಹಚ್ಚುತ್ತಿದ್ದಾಳೆ. ಬೇಗ ಕಳಿಸಿ.